ಅಪ್ಪನ ಮೆಮೊರಿ ಟೆಸ್ಟು: ಫ್ರೀ ಕ್ಯಾಂಪಿನಾಗ 14, ಎರಡೂವರಿ ತಿಂಗಳ ಮ್ಯಾಲ 22

ಕಲಬುರಗಿಯೊಳಗ ವಯಸ್ಸಾದವರಿಗಿ ಮೆಮೊರಿ ಟೆಸ್ಟು, ಬ್ರೇನ್ ಟ್ರೇನಿಂಗ್ ಅಂತ ಈಗ ಎಲ್ಲಾ ಕಡಿ ಬೋರ್ಡ್ ಬೀಳ್ಲತ್ತಾವ, ನಾವು ಈ ವರ್ಷ ಎರಡೂ ಮಾಡಿಸಿ ನೋಡೀವಿ, ರೊಕ್ಕಾನೂ ಕಳ್ಕೊಂಡೀವಿ, ಅದಕ್ಕ ಬರೀಲತ್ತೀನಿ. ಮೂರು ಜಾಗದ ರಿವ್ಯೂ ಇದು, ಹೆಸರು ಯಾವ್ದೂ ಹಾಕಂಗಿಲ್ಲ, ಕೇಳ್ಬ್ಯಾಡ್ರಿ.

ನಮ್ಮಪ್ಪಗ 86. ಇಲ್ಲಿ ಗಂಜ್ ಅಂತ ಧಾನ್ಯದ ಪೇಟಿ ಅದ, ಅಲ್ಲಿ ಒಂದು ದಾಲ್ ಮಿಲ್ಲಿನಾಗ ನಲವತ್ತು ವರ್ಷ ಮುನೀಮ ಇದ್ದ ಮನುಷ್ಯಾ. ತೊಗರಿ ಎಷ್ಟು ಕ್ವಿಂಟಲ್ ಬಂತು, ಎಷ್ಟು ಬ್ಯಾಳಿ ಆತು, ಚುನ್ನಿ ಎಷ್ಟು ಹೋತು, ಹಮಾಲರಿಗಿ ಎಷ್ಟು ಕೊಟ್ಟೀವಿ ಎಲ್ಲಾ ಬಾಯಾಗ. ಅಂಥವ್ರು ಮಾರ್ಚ್ ತಿಂಗಳದಾಗ ಹಾಲಿನವನಿಗಿ ಎರಡು ಸಲ ರೊಕ್ಕ ಕೊಟ್ರು. ಹಾಲಿನ ಹುಡುಗ ಪಾಪ ಚಲೋ ಹುಡುಗ, ತಾನೇ ಬಂದು ವಾಪಸ್ ಕೊಟ್ಟ. ಅಪ್ಪ ಮಾತ್ರ ಆವತ್ತು ಊಟ ಮಾಡ್ಲಿಲ್ಲ. ರೊಕ್ಕದ ಸಲುವಾಗಿ ಅಲ್ಲ, ಲೆಕ್ಕ ತಪ್ಪಿತಲ್ಲ ಅಂತ. ಅದಕ್ಕಿಂತ ಮೊದಲ ಸಣ್ಣಪುಟ್ಟ ಸುರು ಆಗಿದ್ವು, ಶರಣಬಸಪ್ಪನ ಗುಡಿಗಿ ಹೋಗಿ ಬ್ಯಾರೆಯವರ ಚಪ್ಪಲ್ ಹಾಕೊಂಡು ಬರೋದು, ಕೇಳಿದ್ದೇ ಮೂರು ಸಲ ಕೇಳೋದು, ವಯಸ್ಸಾತು ಬಿಡು ಅಂತ ನಾವೂ ಸುಮ್ಮನಿದ್ವಿ.

ಏಪ್ರಿಲ್‌ದಾಗ ಸೇಡಂ ರೋಡ್ ಕಡಿ ಒಂದು ಕಲ್ಯಾಣ ಮಂಟಪದಾಗ ಹಿರಿಯರಿಗಿ ಉಚಿತ ನೆನಪಿನ ಶಕ್ತಿ ತಪಾಸಣಿ ಕ್ಯಾಂಪ್ ಅಂತ ಪಾಂಪ್ಲೆಟ್ ಪೇಪರ್ ಜೊತಿ ಬಂತು. ಹೋದ್ವಿ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಮುಂಜಾನಿ ಹತ್ತಕ್ಕೇ ನೆತ್ತಿ ಸುಡ್ತದ, ಒಳಗ ನಾಕು ದೊಡ್ಡ ಕೂಲರ್ ಭರ್ರ್ ಅಂತ ಹಚ್ಚಿದ್ರು, ಇನ್ನೂರು ಮಂದಿ ಗದ್ದಲ, ಹೊರಗ ಜನರೇಟರ್. ಆ ಗದ್ದಲದಾಗ ಒಂದು ಟೇಬಲ್ಲಿಗಿ ಅಪ್ಪನ್ನ ಕೂಡ್ಸಿ ಒಂದು ಹುಡುಗಿ ಟೆಸ್ಟ್ ಸುರು ಮಾಡಿದ್ಳು. ಹುಡುಗಿ ಈ ಕಡಿಯಾಕಿ ಅಲ್ಲ, ಮೈಸೂರ್ ಸೈಡಿನಾಕಿ ಅಂತ ಮಾತಿನ್ಯಾಗೇ ಗೊತ್ತಾತು. ಒಳ್ಳೆ ಮರ್ಯಾದಿಯಿಂದ ಮಾತಾಡಿದ್ಳು, ಅದರ ಬಗ್ಗೆ ತಕರಾರಿಲ್ಲ.

ಟೆಸ್ಟು ಮೋಕಾ ಅಂತ, ಕೆನಡಾದ ಮಾಂಟ್ರಿಯಲ್‌ದಾಗ ತಯಾರಾದದ್ದು, 30 ಮಾರ್ಕ್ಸಿಂದು, 26 ಮತ್ತ ಅದಕ್ಕ ಮ್ಯಾಲ ಬಂದ್ರ ಸಾಮಾನ್ಯವಾಗಿ ನಾರ್ಮಲ್ ಅಂತಾರ. ಅದರಾಗ ಗಡಿಯಾರದ ಚಿತ್ರ ತೆಗೀಬೇಕು, ಪ್ರಾಣಿ ಹೆಸರು ಹೇಳ್ಬೇಕು, ಐದು ಶಬ್ದ ಕೇಳಿ ಐದು ನಿಮಿಷದ ಮ್ಯಾಲ ನೆನಪಿನಿಂದ ಹೇಳ್ಬೇಕು, ನೂರರಾಗ ಏಳು ಏಳು ಕಳೀತಾ ಹೋಗ್ಬೇಕು, ಇವತ್ತು ಯಾವ ವಾರ ಯಾವ ತಾರೀಖು ಯಾವ ಊರು ಎಲ್ಲಾ ಹೇಳ್ಬೇಕು. ಟೆಸ್ಟು ಕೆಟ್ಟದ್ದಲ್ಲ, ಜಗತ್ತಿನ ತುಂಬ ಡಾಕ್ಟರ್‌ಗಳು ಬಳಸ್ತಾರ. ಆದ್ರ ಹೆಂಗ ಮಾಡ್ತಾರ ಅನ್ನೋದ್ರ ಮ್ಯಾಲ ಎಲ್ಲಾ ಅದ.

ಐದು ಶಬ್ದ ಆಕಿ ಹೇಳಿದ್ಳು, ಕೂಲರ್ ಸೌಂಡಿನಾಗ ನನಗೇ ಮೂರು ಕೇಳಿದ್ವು. ಅಪ್ಪಗ ಮೊದ್ಲೇ ಕಿವಿ ಮಂದ. "ಏನಂದಿ ತಂಗಿ?" ಅಂತ ಕೇಳಿದ್ರು, ಆಕಿ ಮತ್ತೊಂದು ಸಲ ಹೇಳಿದ್ಳು, ಅಪ್ಪ ತಲಿ ಆಡ್ಸಿದ್ರು, ಅಷ್ಟ. ಐದು ನಿಮಿಷದ ಮ್ಯಾಲ ಕೇಳಿದ್ರ ಸೊನ್ನಿ. ಕೇಳದೇ ಇದ್ದದ್ದು ಎಲ್ಲಿಂದ ನೆನಪಿರ್ತದ್ರಿ?

ಈಗ ಏಳು ಕಳಿಯೋ ಸುದ್ದಿ ಕೇಳ್ರಿ. ಅಪ್ಪ ಹುಟ್ಟಿದ್ದು ನಿಜಾಮನ ಕಾಲದಾಗ. ಮೂರನೇ ಕ್ಲಾಸ್ ತನಾ ಉರ್ದು ಮೀಡಿಯಂ, ಅಷ್ಟರೊಳಗ 1948ರ ಪೊಲೀಸ್ ಆಕ್ಷನ್ ಆತು, ನಿಜಾಮನ ರಾಜ್ಯ ಭಾರತಕ್ಕ ಸೇರ್ತು, ಮುಂದ ಏಳನೇ ಕ್ಲಾಸ್ ತನಾ ಕನ್ನಡ. ಮಗ್ಗಿ ಕಲ್ತದ್ದು ಉರ್ದುದಾಗ, ಗಂಜಿನಾಗ ಸೌದಾ ಮಾಡಿದ್ದು ಉರ್ದುದಾಗ, ಹಿಂಗಾಗಿ ಲೆಕ್ಕ ಬಂದ್ರ ಅವರ ತಲಿ ತಾನೇ ಉರ್ದುಕ್ಕ ಹೋಗ್ತದ, ಈ ಕಡಿ ಆ ವಯಸ್ಸಿನವ್ರು ಭಾಳ ಮಂದಿ ಹಂಗೇ ಇದ್ದಾರ. ಆಕಿ ನೂರರಾಗ ಏಳು ಕಳೀರಿ ಅಂದ ಕೂಡ್ಲೇ ಅಪ್ಪ ತಡೀಲಾರದ "ತಿರಾನ್ವೆ, ಛಿಯಾಸಿ, ಉನ್ಯಾಸಿ, ಬಹತ್ತರ್, ಪೈಂಸಠ್" ಅಂತ ಪಟಪಟ ಹೇಳಿ ಮುಗಿಸಿದ್ರು. 93, 86, 79, 72, 65. ಪೂರಾ ಬರೋಬ್ಬರಿ! ಆ ಹುಡುಗಿ ಪಿಳಿಪಿಳಿ ನೋಡಿದ್ಳು. "ಅಜ್ಜಾ, ಕನ್ನಡದಲ್ಲಿ ಹೇಳಿ" ಅಂದ್ಳು. ಅಪ್ಪ ಕನ್ನಡದಾಗ ಸುರು ಮಾಡ್ಲಾಕ ಹೋಗಿ ತೊಂಬತ್ಮೂರು ಅಂದು ನಿಂತ್ರು, ತಲ್ಯಾಗ ಒಂದು ಓಡ್ಲತ್ತದ ಬಾಯಾಗ ಒಂದು ಬರ್ಬೇಕು, ಗಲಿಬಿಲಿ ಆತು, ನಾನು ನಡುವ ಬಾಯಿ ಹಾಕಿ ಸರಿ ಹೇಳ್ಯಾರ್ರಿ ಅಂದ್ರ "ಸರ್ ನೀವು ಹೆಲ್ಪ್ ಮಾಡ್ಬಾರ್ದು" ಅಂದ್ಳು. ಸೊನ್ನಿ.

ಒಟ್ಟು 14. ಒಂಬತ್ತು ನಿಮಿಷದಾಗ ಮುಗೀತು. ಕೆಂಪು ಪೆನ್ನಿನ್ಯಾಗ 14 ಬರ್ದು ಸುತ್ತ ಒಂದು ಗೆರಿ ಎಳ್ದು ಪಕ್ಕದ ಟೇಬಲ್ಲಿಗಿ ಕಳ್ಸಿದ್ರು. ಪಕ್ಕದ ಟೇಬಲ್ ಡಾಕ್ಟರ್‌ದು ಅಂತ ತಿಳ್ದಿದ್ದೆ, ಅಲ್ಲ, ಪ್ಯಾಕೇಜ್ ಕೌಂಟರ್. ಸ್ವೈಪಿಂಗ್ ಮಷೀನ್ ಇಟ್ಕೊಂಡು ಒಬ್ಬ ಕುಂತಿದ್ದ. "ಸರ್ ಇದು ಅರ್ಲಿ ಸ್ಟೇಜ್, ಈಗ ಬಿಟ್ರೆ ಆರು ತಿಂಗಳಲ್ಲಿ ನಿಮ್ಮ ಗುರುತೇ ಸಿಗಲ್ಲ" ಅಂದ. ಅಪ್ಪನ ಮುಂದೇ ಅಂದ. ಕಿವಿ ಮಂದ ಇದ್ದದ್ದು ಆವತ್ತೊಂದು ಛಲೋ ಆತು.

ಹೆದರಿಕಿ ಅನ್ನೋದು ಕೆಟ್ಟದ್ದು ನೋಡ್ರಿ, ನಾನು ಅಂಗಡಿಯಾಗ ಒಂದು ಫ್ಯಾನ್ ತಗೊಳ್ಳಾಕ ಹತ್ತು ಸಲ ಚೌಕಾಸಿ ಮಾಡೋನು, ಅಲ್ಲಿ ನಿಂತಲ್ಲೇ 9,600 ರೂಪಾಯಿ ಕಟ್ಟಿದೆ. ಮೂರು ತಿಂಗಳು, 24 ಕ್ಲಾಸು, ವಾರಕ್ಕ ಎರಡು. ಕ್ಯಾಂಪಿಗಿ ಐದರಾಗ ಒಂದು ಸ್ಟಾರ್ ಕೊಡ್ತೀನಿ, ಅದೂ ಮಜ್ಜಿಗಿ ಕೊಟ್ಟದ್ದಕ್ಕ.

ಇನ್ನ ಕ್ಲಾಸು. ಒಂದು ಎಸಿ ರೂಮು, ಹನ್ನೆರಡು ಕುರ್ಚಿ, ಒಬ್ಬೊಬ್ಬರಿಗಿ ಒಂದು ಟ್ಯಾಬು. ಅದರಾಗ ಆಟ. ಜೋಡಿ ಎಲಿ ಹುಡುಕೋದು, ಬಣ್ಣದ ಚೌಕ ಯಾವ ಕ್ರಮದಾಗ ಹೊಳೀತು ನೆನಪಿಡೋದು, ಮೀನ ಹಿಡಿಯೋದು, ರೈಲು ಸರಿ ಸ್ಟೇಷನ್ನಿಗಿ ಕಳ್ಸೋದು. ದನಿ ಹಿಂದಿ ಇಲ್ಲಾ ಇಂಗ್ಲಿಷು, ಕನ್ನಡ ಇಲ್ಲ, ಕೇಳಿದ್ರ ಮುಂದಿನ ಅಪ್‌ಡೇಟಿನಾಗ ಬರ್ತದ ಅಂತಾರ. ಅಕ್ಷರ ಸಣ್ಣವು. 80 ದಾಟಿದವರ ಬೆರಳು ಒಣಗಿರ್ತಾವ, ಟಚ್ ತಗೊಳ್ಳಂಗಿಲ್ಲ, ಒಬ್ಬ ಅಜ್ಜಿ ಅಂತೂ ಬೆರಳ ನಾಲಿಗಿಗಿ ಹಚ್ಕೊಂಡು ಹಚ್ಕೊಂಡು ಒತ್ತೋದು, ನೋಟ್ ಎಣಿಸಿದಂಗ. ಟ್ರೇನರ್ ಹುಡುಗಿ ಮಾತ್ರ ನಮ್ಮ ಅಫಜಲಪುರ ಕಡಿಯಾಕಿ, ಭಾಳ ಛಲೋ ಹುಡುಗಿ. "ಮುತ್ಯಾರ, ಇವತ್ತ ನಾಷ್ಟಾಕ್ಕ ಏನ ತಿಂದ್ರಿ ಹೇಳ್ರಿ ನೋಡಮು" ಅಂತ ಕೇಳಿ ಕೇಳಿ ಮಾತಾಡಿಸೋದು. ಅಪ್ಪ ಟ್ಯಾಬಿನ ಸಲುವಾಗಿ ಅಲ್ಲ, ಆಕಿ ಸಲುವಾಗಿ ಹೋಗ್ತಿದ್ರು. ಕ್ಲಾಸ್ ಮುಗಿದ ಮ್ಯಾಲ ಚಹಾ ಕುಡೀತಾ ಅಲ್ಲಿ ರಿಟೈರ್ಡ್ ಕಂಡಕ್ಟರ್ ಒಬ್ರು, ಜೇವರ್ಗಿ ಕಡಿ ಮಾಸ್ತರ್ ಒಬ್ರು, ಮೂವರೂ ಕುಂತು ರಜಾಕಾರರ ಕಾಲದ ಸುದ್ದಿ ಹೊಡಿಯೋದು, ಕರೀಲಾಕ ಬಂದ ನಾನು ಅರ್ಧಾ ತಾಸು ಬಾಗಿಲಾಗ ನಿಂತು ಕೇಳ್ತಿದ್ದೆ. ಎರಡು ವರ್ಷದಾಗ ಅಪ್ಪ ಅಷ್ಟು ಮಾತಾಡಿದ್ದು ನಾ ಕಂಡಿರ್ಲಿಲ್ಲ.

ಆಟದಾಗ ಅಪ್ಪ ಲೆವೆಲ್ 2ರಿಂದ 11ಕ್ಕ ಹೋದ್ರು. ಗ್ರಾಫ್ ತೋರ್ಸಿದ್ರು, ಹಸಿರು ಗೆರಿ ಮ್ಯಾಲ ಏರ್ಲತ್ತದ. ಮನ್ಯಾಗ? ಮನ್ಯಾಗ ಮತ್ತ ಅದೇ, ಗೀಸರ್ ಬಂದ್ ಮಾಡೋದು ಮರೀತಾರ, ಗುಳಿಗಿ ತಗೊಂಡೀನೋ ಇಲ್ಲೋ ಅಂತ ಕೇಳ್ತಾರ. ರೈಲಿನ ಆಟ ಆಡಿ ಆಡಿ ರೈಲಿನ ಆಟದಾಗ ಹುಷಾರ್ ಆದ್ರು, ಅಷ್ಟೇ. ಆಮ್ಯಾಲ ನಾನು ರಾತ್ರಿ ಕುಂತು ಓದಿದೆ, ಇದು ನಮ್ಮೊಬ್ಬರ ಕಥಿ ಅಲ್ಲಂತ. ಅಮೆರಿಕಾದಾಗ ಆಕ್ಟಿವ್ ಅಂತ ದೊಡ್ಡ ಸ್ಟಡಿ ಮಾಡ್ಯಾರ, 65 ದಾಟಿದ 2,832 ಮಂದಿ ಮ್ಯಾಲ, ಮೊದಲ ರಿಸಲ್ಟ್ 2002ರಾಗ ಬಂತು. ಯಾವುದರ ಟ್ರೇನಿಂಗ್ ಕೊಟ್ರು ಅದರಾಗ ಸುಧಾರಣಿ ಆತು, ಬ್ಯಾರೆದಕ್ಕ ದಾಟ್ಲಿಲ್ಲ, ಎರಡು ವರ್ಷದ ತನಾ ದಿನದ ಕೆಲಸದಾಗ ಫರಕ ಕಾಣ್ಲಿಲ್ಲ. ಹತ್ತು ವರ್ಷದ ಮ್ಯಾಲ ನೋಡಿದ್ರ ಟ್ರೇನಿಂಗ್ ತಗೊಂಡವ್ರು ದಿನದ ಕೆಲಸಕ್ಕ ತ್ರಾಸು ಸ್ವಲ್ಪ ಕಮ್ಮಿ ಅದ ಅಂತ ಹೇಳಿದ್ರು, ಆದ್ರ ನೆನಪಿನ ಟ್ರೇನಿಂಗಿನ ಲಾಭ ಆ ಹೊತ್ತಿಗಿ ಉಳಿದಿರ್ಲಿಲ್ಲ, ವಿಚಾರ ಮಾಡೋದು ಮತ್ತ ಸ್ಪೀಡಿನ ಟ್ರೇನಿಂಗಿಂದು ಉಳ್ದಿತ್ತು. ಹಂಗಂತ ಪೂರಾ ಸುಳ್ಳು ಅಲ್ಲ, ಇವ್ರು ಮಾರೋ ಅಷ್ಟು ಖರೇನೂ ಅಲ್ಲ. 2016ರಾಗ ಅಮೆರಿಕಾದ ಸರ್ಕಾರಿ ವ್ಯಾಪಾರ ಕಮಿಷನ್ನು ಲುಮೋಸಿಟಿ ಅನ್ನೋ ಬ್ರೇನ್ ಗೇಮ್ ಆ್ಯಪಿನ ಮ್ಯಾಲ ಆಧಾರ ಇಲ್ಲದ ಜಾಹೀರಾತು ಅಂತ ಕೇಸ್ ಹಾಕಿ, ಆ ಕಂಪನಿ 20 ಲಕ್ಷ ಡಾಲರಿಗಿ ಒಪ್ಪಂದ ಮಾಡ್ಕೊಂಡ್ತು. ಅಲ್ಲಿ ಹಂಗ ಆಗಿ ಹತ್ತು ವರ್ಷ ಆಗ್ಲಾಕ ಬಂತು, ಇಲ್ಲಿ ಪಾಂಪ್ಲೆಟ್ಟಿನ್ಯಾಗ ಇನ್ನೂ ಮರೆವಿಗಿ ಗುಡ್ ಬೈ ಅಂತ ಅದ.

ನಡುವ ಬಿಡ್ತೀವಿ, ಉಳಿದ ಕ್ಲಾಸಿಂದು ರೊಕ್ಕ ವಾಪಸ್ ಕೊಡ್ರಿ ಅಂದ್ರ ಆಫರ್ ರೇಟಿಗಿ ರಿಫಂಡ್ ಇಲ್ಲ ಅಂದ್ರು. ರಸೀದಿ ಹಿಂದ ಇರಿವಿ ಸಾಲಿನಂಗ ಬರ್ದಿತ್ತು, ನಾ ಓದಿಲ್ಲ, ನಂದೇ ತಪ್ಪು. ಕ್ಲಾಸಿಗಿ ಎರಡು ಸ್ಟಾರ್, ಎರಡೂ ಆ ಹುಡುಗಿಗಿ ಮತ್ತ ಚಹಾಕ್ಕ.

ನಮ್ಮಾಕಿ ಮೊದಲ ದಿನದಿಂದ ಒಂದೇ ಮಾತು, "ಮೊದಲ ದೊಡ್ಡ ಡಾಕ್ಟರಿಗಿ ತೋರಸ್ರಿ, ಆಮ್ಯಾಲ ಆಟ ಆಡಸ್ರಿ" ಅಂತ. ಕೇಳ್ಲಿಲ್ಲ. ಜೂನ್‌ದಾಗ ಕಡೀಗಿ ಒಬ್ಬ ನರರೋಗ ಡಾಕ್ಟರಿಗಿ ತೋರ್ಸಿದ್ವಿ, 500 ರೂಪಾಯಿ ಫೀಸು. ಮೊದಲ ಆಶ್ಚರ್ಯ ಏನಂದ್ರ ಅವ್ರು ಟೆಸ್ಟೇ ಮಾಡ್ಲಿಲ್ಲ. ಗುಳಿಗಿ ಚೀಲ ತಂದೀರೇನು ಅಂದ್ರು. ತಂದಿದ್ವಿ. ಟೇಬಲ್ ಮ್ಯಾಲ ಎಲ್ಲಾ ಸುರುವಿ ಒಂದೊಂದೇ ಪಟ್ಟಿ ಎತ್ತಿ ನೋಡಿದ್ರು. ಶುಗರಿಗಿ ಮೆಟ್‌ಫಾರ್ಮಿನ್, ಹದಿನಾಲ್ಕು ವರ್ಷದಿಂದ. ಗ್ಯಾಸಿಗಿ ದಿನಾ ಒಂದು ಗುಳಿಗಿ, ಯಾರ ಹೇಳಿದ್ರೋ ಯಾವಾಗ ಸುರು ಆತೋ ದೇವರಿಗೇ ಗೊತ್ತು. ನಿದ್ದಿ ಬರ್ಲಿ ಅಂತ ಮೆಡಿಕಲ್‌ದವ ಕೊಟ್ಟ ಒಂದು ಅಲರ್ಜಿ ಗುಳಿಗಿ. ಅದನ್ನ ಎತ್ತಿ ಹಿಡ್ದು "ಇದು ಯಾರ್ ಕೊಟ್ರು?" ಅಂದ್ರು. ನಾ ಸುಮ್ನಾದೆ. ನೆಗಡಿ ಅಲರ್ಜಿಯ ಕೆಲವು ಹಳೀ ಗುಳಿಗಿ ವಯಸ್ಸಾದವರ ತಲಿ ಮಂಕ ಮಾಡ್ತಾವಂತ, ನೆನಪು ಇನ್ನಾ ಕೆಡಸ್ತಾವಂತ. ಮೆಟ್‌ಫಾರ್ಮಿನ್ ಭಾಳ ವರ್ಷ ತಗೊಂಡ್ರ ಬಿ12 ವಿಟಮಿನ್ ಇಳೀಬಹುದು, ಗ್ಯಾಸಿನ ಗುಳಿಗಿಯಿಂದಾನೂ ಇಳೀಬಹುದು, ಅದು ಕಮ್ಮಿ ಆದ್ರೂ ನೆನಪು ಕೆಡ್ತದಂತ, ಮ್ಯಾಲ ನಾವು ಶಾಕಾಹಾರಿ ಮಂದಿ, ರೊಟ್ಟಿ ಪುಂಡಿಪಲ್ಯ ಶೇಂಗಾಹಿಂಡಿ, ಅದರಾಗ ಬಿ12 ಎಲ್ಲಿಂದ ಬರ್ತದ, ಹಾಲು ಮೊಸರಿನಾಗ ಬಂದಷ್ಟೇ. ರಕ್ತ ತಪಾಸಣಿ ಬರ್ದ್ರು, ಬಿ12, ಥೈರಾಯ್ಡ್, ಉಪ್ಪಿನಂಶ, ಮತ್ತ ಒಂದು ಸಿಟಿ ಸ್ಕ್ಯಾನ್. ಅಪ್ಪ ದೀಪಾವಳಿ ಹೊತ್ತಿಗಿ ಬಚ್ಚಲಾಗ ಜಾರಿ ಬಿದ್ದಿದ್ರು, ಅದಕ್ಕ ಸ್ಕ್ಯಾನ್, ಬಿದ್ದ ಮ್ಯಾಲ ವಯಸ್ಸಾದವರ ತಲ್ಯಾಗ ನಿಧಾನಕ ರಕ್ತ ಕಟ್ಟಿ ಮರೆವಿನಂಗೇ ಕಾಣಸ್ತದಂತ.

ನಮ್ಮಾಕಿನ್ನ ಬ್ಯಾರೆ ಕೂಡ್ಸಿ ಹದಿನೈದು ನಿಮಿಷ ಕೇಳಿದ್ರು. ದಿನಾ ಮನ್ಯಾಗ ಇರೋಳು ಆಕಿ ಅಲ್ಲ. ಯಾವಾಗ ಸುರು, ಏನ ಮರೀತಾರ, ದಾರಿ ತಪ್ಪಿದ್ದದ ಏನು, ಸಿಟ್ಟು ಹೆಚ್ಚಾಗ್ಯದ ಏನು, ಅತ್ತಿ ತೀರ್ಕೊಂಡ ಮ್ಯಾಲ ಹೆಂಗ ಇದ್ದಾರ. ಈ ಕಡೀ ಪ್ರಶ್ನಿ ಯಾರೂ ಕೇಳಿರ್ಲಿಲ್ಲ. ಅವ್ವ ಹೋಗಿ ಎರಡು ವರ್ಷ. ದುಃಖ, ಉದಾಸಿನೂ ಮರೆವಿನ ವೇಷ ಹಾಕೊಂಡು ಬರ್ತಾವಂತ ಡಾಕ್ಟರ್ ಹೇಳಿದ್ರು, ಅದನ್ನ ಕೇಳಿ ನನಗ ಆ ಚಹಾದ ಮಾತು ನೆನಪಾತು.

ಬಿ12 ರಿಪೋರ್ಟು 142 ಬಂತು, 200ಕ್ಕಿಂತ ಕೆಳಗಿದ್ರ ಕಮ್ಮಿ ಅಂತಾರ. ಥೈರಾಯ್ಡ್ ಸರಿ ಇತ್ತು, ಸ್ಕ್ಯಾನಿನಾಗ ರಕ್ತ ಇರ್ಲಿಲ್ಲ, ವಯಸ್ಸಿಗಿ ತಕ್ಕ ಸವೆತ ಅದ ಅಂದ್ರು. ಇಂಜೆಕ್ಷನ್ ಸುರು ಆದ್ವು, ಅಲರ್ಜಿ ಗುಳಿಗಿ ಬಂದ್, ಗ್ಯಾಸಿಂದು ಕಮ್ಮಿ. ಕಿವಿ ಡಾಕ್ಟರ್ ಕಡಿ ಕಳ್ಸಿದ್ರು, ಅಲ್ಲಿ ಎರಡೂ ಕಿವಿಯಿಂದ ತೆಗೆದ ಗುಗ್ಗಿ ನೋಡಿ ಅಪ್ಪಗೇ ನಗು, "ಇಷ್ಟು ಒಳಗಿತ್ತೇನಲೇ, ಅದಕ್ಕ ನಿನ್ನ ಮಾತು ಹತ್ತು ವರ್ಷದಿಂದ ನೆಟ್ಟಗ ಕೇಳಿಲ್ಲ, ಛಲೋನೇ ಆತು." ಅದಾದ ಮ್ಯಾಲೂ ಮಂದ ಇತ್ತು, ಒಂದು ಕಿವಿಗಿ ಮಷೀನ್ ಹಾಕ್ಸಿದ್ವಿ. ಇದು ಬರೇ ಕೇಳೋ ಅನುಕೂಲದ ಮಾತಲ್ಲ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಾದ ತಜ್ಞರ ಕಮಿಷನ್ನಿನ 2024ರ ವರದಿಯೊಳಗ ಡಿಮೆನ್ಷಿಯಾಕ್ಕ, ಅಂದ್ರ ಮರೆವಿನ ರೋಗಕ್ಕ, ನಾವು ತಡೀಬಹುದಾದ 14 ಕಾರಣ ಹೇಳ್ಯಾರ, ಕಿವಿ ಮಂದ ಆಗೋದು ಅದರಾಗಿನ ದೊಡ್ಡವುಗಳಾಗ ಒಂದು, ಬಿಪಿ ಶುಗರ್ ಕಣ್ಣು ಒಂಟಿತನ ಎಲ್ಲಾ ಅದರಾಗ ಬರ್ತಾವ. ಮಷೀನಿನ ರೊಕ್ಕ ಹೊರೆ ಆಗ್ತದ ಅನ್ನೋರು ಕೇಳ್ರಿ, ಬಿಪಿಎಲ್ ಕಾರ್ಡ್ ಇದ್ದ 60 ದಾಟಿದವರಿಗಿ ರಾಷ್ಟ್ರೀಯ ವಯೋಶ್ರೀ ಯೋಜನಾದಾಗ ಕೋಲು, ಕನ್ನಡಕ, ಕಿವಿ ಮಷೀನ್ ಪುಕ್ಕಟೆ ಕೊಡ್ತಾರ, 2017ರಿಂದ ಅದ.

ಎರಡೂವರಿ ತಿಂಗಳ ಮ್ಯಾಲ, ಅಂದ್ರ ಮೊದಲ ಕ್ಯಾಂಪಿನಿಂದ ಲೆಕ್ಕ ಹಾಕಿ ಹೇಳ್ಲತ್ತೀನಿ, ಅದೇ ಮೋಕಾ ಟೆಸ್ಟ್ ಮತ್ತ ಮಾಡಿದ್ರು. ಶಬ್ದ ಬ್ಯಾರೆ ಇದ್ವು, ಬಾಯಿಪಾಠ ಆಗಬಾರ್ದು ಅಂತ ಅದರ ಬ್ಯಾರೆ ಬ್ಯಾರೆ ವರ್ಷನ್ ಇರ್ತಾವಂತ. ಬಾಗಿಲು ಹಾಕಿದ ರೂಮು, ಫ್ಯಾನ್ ಸುದ್ದಾ ಬಂದ್ ಮಾಡಿದ್ರು, ಚಷ್ಮಾ ಹಾಕೊಂಡಾರ ಇಲ್ಲ ನೋಡಿದ್ರು, ಕಿವಿ ಮಷೀನ್ ಬ್ಯಾಟ್ರಿ ನೋಡಿದ್ರು. ಟೆಸ್ಟ್ ತಗೊಂಡಾಕಿ ನಮ್ಮೂರಾಕಿ, ಖಾಜಾ ಬಂದೇ ನವಾಜ್ ದರ್ಗಾ ಕಡಿ ಓಣಿಯಾಕಿ. "ಮುತ್ಯಾರ, ನಿಮಗ ಲೆಕ್ಕ ಯಾವುದ್ರಾಗ ಬರ್ತದ ಅದರಾಗ ಹೇಳ್ರಿ" ಅಂದ್ಳು. ತಿರಾನ್ವೆ, ಛಿಯಾಸಿ... ಆ ಲೆಕ್ಕಕ್ಕ ಮೂರು ಮಾರ್ಕ್ಸು, ಮೂರಕ್ಕ ಮೂರು. ಐದು ಶಬ್ದದಾಗ ಎರಡು ನೆನಪಿದ್ವು. ಓದಿದ್ದು ಹನ್ನೆರಡು ವರ್ಷಕ್ಕಿಂತ ಹೆಚ್ಚಿಲ್ಲ ಅಂದ್ರ ಒಂದು ಮಾರ್ಕ್ ಸೇರಿಸ್ಬೇಕು ಅಂತ ನಿಯಮ ಅದ, ಕ್ಯಾಂಪಿನಾಕಿ ಅದನ್ನೂ ಸೇರ್ಸಿರ್ಲಿಲ್ಲ! ಒಟ್ಟು 22.

ಬಿ12ದಿಂದ ಎಷ್ಟು, ಕಿವಿಯಿಂದ ಎಷ್ಟು, ಉರ್ದುದಿಂದ ಎಷ್ಟು ಅಂತ ನಾ ಡಾಕ್ಟರ್ ಕೇಳಿದೆ. ನಕ್ಕರು. ಆಮ್ಯಾಲ ಗಡಿಯಾರದ ಚಿತ್ರ ತೆಗ್ದು ಮುಂದ ಇಟ್ರು. ಹನ್ನೊಂದು ಹೊಡ್ದು ಹತ್ತು ನಿಮಿಷ ತೋರಸ್ರಿ ಅಂದಿದ್ರು. ಅಪ್ಪ ಗುಂಡಗ ತೆಗ್ದಾರ, ಹನ್ನೆರಡೂ ಅಂಕಿ ಮುನೀಮನ ಕೈಬರಹದಾಗ ಅಚ್ಚು ಹಾಕಿದಂಗ ಕುಂದರ್ಸ್ಯಾರ, ಸಣ್ಣ ಮುಳ್ಳು ಹನ್ನೊಂದಕ್ಕ ಸರಿ ಅದ, ದೊಡ್ಡ ಮುಳ್ಳು ಎರಡಕ್ಕ ಹೋಗ್ಬೇಕು, ಅದು ಹತ್ತಕ್ಕ ಹೋಗ್ಯದ. ಹತ್ತು ನಿಮಿಷ ಅಂದ್ರ ಹತ್ತು. ಕ್ಯಾಂಪಿನ ಹಾಳಿ ತೆಗ್ದು ನೋಡಿದ್ವಿ, ಅಲ್ಲೂ ಅದೇ ತಪ್ಪು. "ಉಳಿದ ಮಾರ್ಕ್ಸ್ ಬಂದ್ವು, ಇದು ಬದಲಾಗಿಲ್ಲ ನೋಡ್ರಿ, ನಾನು ಇದನ್ನ ನೋಡ್ತಿರ್ತೀನಿ" ಅಂದ್ರು. ಆರು ತಿಂಗಳಿಗಿ ಮತ್ತ ಬರ್ರಿ ಅಂದ್ರು. ಡಿಮೆನ್ಷಿಯಾ ಅದ ಅಂತಾನೂ ಹೇಳ್ಲಿಲ್ಲ, ಇಲ್ಲ ಅಂತಾನೂ ಹೇಳ್ಲಿಲ್ಲ, ಒಂದು ಟೆಸ್ಟಿನ ಮಾರ್ಕ್ಸ್ ನೋಡಿ ರೋಗದ ಹೆಸರು ಇಡಂಗಿಲ್ಲ, ದಿನದ ಕೆಲಸ ತಾವೇ ಮಾಡ್ಕೋತಾರೋ ಇಲ್ಲೋ ಅದು ಮುಖ್ಯ ಅಂದ್ರು. ನನಗ ಆ ಮಾತು ಸೇರ್ತು. ನಾಕೂವರಿ ಸ್ಟಾರ್. ಅರ್ಧಾ ಯಾಕ ಕಮ್ಮಿ ಅಂದ್ರ ಮೂರು ತಾಸು ಕಾಯ್ಸಿದ್ರು, ಮತ್ತ ಮುದುಕರು ಬರೋ ಜಾಗಕ್ಕ ಲಿಫ್ಟ್ ಇಲ್ಲ, ಎರಡನೇ ಮಾಳಿಗಿ.

ಈಗ ಯಾರರ ಕೇಳಿದ್ರ ನಾ ಹೇಳೋದು ಇಷ್ಟ. ಮನ್ಯಾಗ ಏನೂ ತಕರಾರಿಲ್ಲದ, ಗಟ್ಟಿ ಇದ್ದವ್ರನ್ನ ಸುಮ್ನ ಎಳ್ಕೊಂಡು ಕ್ಯಾಂಪಿಗಿ ಹೋಗ್ಬ್ಯಾಡ್ರಿ, ಲಕ್ಷಣ ಇಲ್ಲದವರಿಗೆಲ್ಲ ಇಂಥ ಸ್ಕ್ರೀನಿಂಗ್‌ದಿಂದ ಲಾಭ ಅದ ಅಂತ ಹೇಳಾಕ ಪುರಾವೆ ಸಾಲಂಗಿಲ್ಲ ಅಂತ ಅಮೆರಿಕಾದ ತಜ್ಞರ ಸಮಿತಿನೇ 2020ರಾಗ ಹೇಳ್ಯದ. ಆದ್ರ ರೊಕ್ಕದ ಲೆಕ್ಕ ತಪ್ಲತ್ತದ, ಗೊತ್ತಿದ್ದ ದಾರಿ ತಪ್ಲತ್ತದ ಅಂದ್ರ ವಯಸ್ಸಾತು ಅಂತ ನಮ್ಮಂಗ ಕುಂದ್ರಬ್ಯಾಡ್ರಿ. ನಿಮ್ಹಾನ್ಸ್ ಮತ್ತ ರಾಜ್ಯ ಸರ್ಕಾರ ಕೂಡಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಅಂತ 2022ರಾಗ ಸುರು ಮಾಡ್ಯಾರ, ಜಿಲ್ಲಾ ದವಾಖಾನ್ಯಾಗ ಬ್ರೇನ್ ಹೆಲ್ತ್ ಕ್ಲಿನಿಕ್ ಯಾವ ದಿನ ಅದ ಅಂತ ಮೊದಲ ಅಲ್ಲಿ ವಿಚಾರಿಸ್ರಿ, 14567 ಹಿರಿಯರ ಸಹಾಯವಾಣಿಗಿ ಫೋನ್ ಮಾಡಿದ್ರೂ ಮಾಹಿತಿ ಕೊಡ್ತಾರ. ಹೋಗುವಾಗ ಚಷ್ಮಾ, ಕಿವಿ ಮಷೀನು, ಗುಳಿಗಿ ಚೀಲ. ಮತ್ತ ಒಂದು, ಪಕ್ಕದ ಮನಿ ಹುಡುಗ ಯೂಟ್ಯೂಬ್ ನೋಡಿ ನಮ್ಮಪ್ಪಗ ಟೆಸ್ಟಿನ ಪ್ರಾಕ್ಟೀಸ್ ಮಾಡ್ಸಾಕ ಬಂದಿದ್ದ, ಪರೀಕ್ಷಾಕ್ಕ ಗೈಡ್ ಓದಿಸಿದಂಗ. ಬೈದು ಕಳ್ಸಿದೆ. ಅದರಾಗ ಮಾರ್ಕ್ಸ್ ಹೆಚ್ಚು ಬಂದ್ರ ಮೋಸ ಹೋಗೋರು ನಾವೇ.

ಪ್ಯಾಕೇಜ್ ಮುಗೀತು, ಅಪ್ಪ ಟ್ಯಾಬಿನ ಹೆಸರು ಎತ್ತಂಗಿಲ್ಲ. ಆದ್ರ ಕಂಡಕ್ಟರ್ ಕಾಕಾ, ಮಾಸ್ತರ್ ಕಾಕಾ, ಅಪ್ಪ, ಮೂವರೂ ಈಗ ದಿನಾ ಸಂಜಿ ಊರಾಗಿನ 'ಅಪ್ಪನ ಕೆರಿ' ಅನ್ನೋ ಕೆರಿ ದಂಡಿಗಿ ಒಂದು ಸುತ್ತು ಹೊಡ್ದು ಬೆಂಚ್ ಮ್ಯಾಲ ಕೂಡ್ತಾರ, ಅದಕ್ಕ ಆಟೋ ರೊಕ್ಕ ಬಿಟ್ರ ಖರ್ಚಿಲ್ಲ. ಹಾಲಿನ ಲೆಕ್ಕಕ್ಕ ನಮ್ಮಾಕಿ ಒಂದು ಉದ್ದನ ಕೆಂಪು ಕಿರ್ದಿ ತಂದು ಕೊಟ್ಟಾಳ, ಗಂಜಿನಾಗ ಸಿಗ್ತಾವಲ್ಲ, ಅಂಥದ್ದು. ದಿನಾ ಮುಂಜಾನಿ ಹಾಲು ಬಂದ ಕೂಡ್ಲೇ ಅಪ್ಪ ತಾರೀಖು ಹಾಕಿ ಒಂದು ಲೀಟರ್ ಅಂತ ಬರೀತಾರ, ಕೆಳಗ ಸಹಿ. ಹೋದ ತಿಂಗಳಿಂದು ನಾ ಕದ್ದು ನೋಡಿದೆ, 12ನೇ ತಾರೀಖು ಎರಡು ಸಲ ಬರ್ದಾರ. ಒಂದರ ಮ್ಯಾಲ ಅವ್ರೇ ಗೆರಿ ಎಳ್ದಾರ, ಪಕ್ಕಕ್ಕ ಸಣ್ಣಗ ರದ್ದು ಅಂತ ಬರ್ದಾರ.